ನಲವತ್ತು ಮಂದಿ ಮತ್ತು ಕಾಡಿನ ಅಣಬೆ

ಸ್ಕಾಟ್ಲೆಂಡ್, ಅಕ್ಟೋಬರ್ 1940

ಗೆನೊವೆಫಾ ಅಕ್ಕಾ,

ನಾನು ಸಾಯುವ ಸ್ಥಿತಿಯಲ್ಲಿದ್ದೇನೆಂದು ಷಿಕಾಗೋಗೆ ತಂತಿ ಬಂದಿದ್ದರೆ ಹರಿದುಹಾಕು. ಭಾನುವಾರ ನಮ್ಮ ಪೋಲಿಷ್ ತುಕಡಿಯ ನಲವತ್ತೂ ಮಂದಿ ಕಾಡಿಗೆ ಹೋಗಿ, ಊರಿನಲ್ಲಿ ಮಾಡುವ ಹಾಗೆಯೇ ಅಣಬೆ ಆರಿಸಿ, ಹಂದಿ ಕೊಬ್ಬಿನಲ್ಲಿ ಹುರಿದು ತಿಂದೆವು. ಕಾಡಿನ ಅಣಬೆಯೆಲ್ಲ ವಿಷವೆಂದು ನಂಬಿರುವ ಬ್ರಿಟಿಷ್ ಡಾಕ್ಟರು ನಮ್ಮೆಲ್ಲರ ಬಂಧುಗಳಿಗೆ ತಂತಿ ಹೊಡೆಸಿ, ನಮ್ಮನ್ನು ಮಲಗಿಸಿ, ವಾಂತಿಗೆಂದು ಮಂಚಕ್ಕೊಂದು ಬೋಗುಣಿ ಇಟ್ಟು ಮೂರು ಗಂಟೆ ಕಾದರು.

"ಯಾಕ್ರಯ್ಯಾ, ಒಬ್ಬನಿಗೂ ಏನೂ ಆಗ್ಲಿಲ್ವಲ್ಲ?" ಎಂದರು ಕೊನೆಗೆ.

"ತಪ್ಪಾಯ್ತು ಸಾರ್, ಮುಂದಿನ ಭಾನುವಾರ ಇನ್ನೂ ಜಾಸ್ತಿ ತಿಂದು ನೋಡ್ತೀವಿ," ಎಂದ ಸಾರ್ಜೆಂಟ್ ಹೋಲುಬ್.

ಈಗ ಹೊಸ ಹುಕುಂ ಬಂದಿದೆ: ಅಣಬೆ ಹುರಿದಾಗಲೆಲ್ಲ ಮೊದಲ ತಟ್ಟೆ ಡಾಕ್ಟರು ತಿನ್ನಬೇಕು, ಅವರು ಬದುಕಿದರೆ ಮಾತ್ರ ನಮಗೆ. ನಿನ್ನೆ ಮೂರನೆಯ ತಟ್ಟೆ ಮುಗಿಸಿಯೂ "ಇನ್ನೂ ಖಾತ್ರಿಯಾಗ್ಲಿಲ್ಲ ಕಣ್ರಯ್ಯಾ" ಎಂದರು.

ಆರೋಗ್ಯ ಚೆನ್ನಾಗಿದೆ, ಹೊಟ್ಟೆ ಮಾತ್ರ ಹಸಿದಿದೆ.

ನಿನ್ನ ತಮ್ಮ
ಬೋಗುಮಿಲ್