ಅಮಾತೆಪ್ಪನ ದನಿಗೆ ಬಿದ್ದ ಬೀಗ

ಪರವಾನಗಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಮಂದಿ ಕೂಡಿ ಕಟ್ಟಿದ್ದಕ್ಕೆ ನೀವು ಬೀಗ ಹಾಕಿದ್ದೀರಿ. ಕೀಲಿ ಬೇಕಾದರೆ ಅರ್ಜಿ ಹಾಕಿ ಎಂದು ಕಟ್ಟಿದವರಿಗೇ ಹೇಳುತ್ತಿದ್ದೀರಿ. ಅದಕ್ಕೇ ಈ ಪತ್ರ.

ನಿಮ್ಮ ಕಂಪನಿ ಈಗ ‘ಪೋಷಿಸುತ್ತಿರುವ’ ಪ್ರೋಗ್ರಾಮಿಂಗ್ ವೇದಿಕೆಯಲ್ಲಿ ‘ಕನ್ನಡ ಓದು’ ಎಂಬ ಭಾಗವಿದೆ. ಕಣ್ಣು ಕಾಣದವರು ಪ್ರೋಗ್ರಾಮ್ ಬರೆದರೆ ಅದನ್ನೂ ಅದರ ತಪ್ಪುಗಳನ್ನೂ ಗಟ್ಟಿಯಾಗಿ ಓದಿ ಹೇಳುತ್ತದೆ. ಅದನ್ನು ಬರೆದವಳು ಶಹಾಪುರದಲ್ಲಿ ಕಂಪ್ಯೂಟರ್ ಕಲಿಸುವ ನಾನು. ಅದರೊಳಗಿನ ದನಿ ಕೊಂಕಲ್ ಹಳ್ಳಿಯ ಅಮಾತೆಪ್ಪನದು. ಹುಟ್ಟಿನಿಂದ ಕಣ್ಣಿಲ್ಲದ ಅವನು ಎರಡು ವರ್ಷ ರವಿವಾರಕ್ಕೊಮ್ಮೆ ಬಸ್ಸು ಹಿಡಿದು ಬಂದ. ಸದ್ದಾಗಬಾರದೆಂದು ಫ್ಯಾನು ಬಂದ್ ಮಾಡಿದ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತ, ನಾನು ಹೇಳಿಕೊಟ್ಟ ಎರಡು ಸಾವಿರ ವಾಕ್ಯಗಳನ್ನು ನನ್ನ ಫೋನಿನಲ್ಲಿ ರೆಕಾರ್ಡ್ ಆಗುವಂತೆ ನುಡಿದ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿರಲಾರದು, ಬಿಡಿ.

ಇಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಇವತ್ತು ನಾನು ನಿಮ್ಮ ಹೊಲದಲ್ಲಿ ದುಡಿದರೆ ನಾಳೆ ನೀವು ನನ್ನ ಹೊಲಕ್ಕೆ ಬರುತ್ತೀರಿ. ಅದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶವನ್ನೂ ನಾವು ಮುಯ್ಯಿ ಎಂದೇ ತಿಳಿದೆವು. ಕೆಲಸ ಕೊಟ್ಟವರೆಲ್ಲ ಒಪ್ಪಲೇಬೇಕಾದ ನಿಮ್ಮ ಕೊಡುಗೆದಾರರ ಒಪ್ಪಂದ ಪರದೆಯ ಮೇಲೆ ಬಂದಾಗ ಅಮಾತೆಪ್ಪನಿಗೆ ಓದಿ ಹೇಳಲು ಹೋದೆ. “ಮುಯ್ಯಿಗೆ ಬಂದೋರು ಕರಾರು ಓದ್ಸಿ ಕೇಳ್ತಾರೇನ್ರಿ ಅಕ್ಕಾರ? ಒತ್ರಿ ಅತ್ಲಾಗ,” ಎಂದು ನಕ್ಕ. ‘ಒಪ್ಪಿಗೆ’ ಎಂಬ ಗುಂಡಿ ಒತ್ತಿದೆ. ಹಕ್ಕೆಲ್ಲ ನಿಮ್ಮದಾಯಿತು. ದನಿ ನಿಮ್ಮ ಸರ್ವರ್ ಸೇರಿತು. ಫೋನಿನಲ್ಲಿ ಜಾಗವಿಲ್ಲವೆಂದು ನಮ್ಮ ಪ್ರತಿಯನ್ನು ನಾನೇ ಅಳಿಸಿದೆ.

ಕಳೆದ ತಿಂಗಳು ಪರವಾನಗಿ ಬದಲಿಸಿದಿರಿ. ‘ಕನ್ನಡ ಓದು’ ಇನ್ನು ನೀವು ಮಾರುವ ಆವೃತ್ತಿಯಲ್ಲಿ ಮಾತ್ರ. ಹಳೆಯ ಕೋಡ್ ಈಗಲೂ ಮುಕ್ತ ಎನ್ನುತ್ತೀರಿ. ನಿಜ, ಕೋಡ್ ಮುಕ್ತ. ದನಿ ನಿಮ್ಮ ಬೀಗದೊಳಗೆ. ಬಾವಿ ನಿನಗೆ, ನೀರು ನನಗೆ ಎನ್ನುವ ಈ ನ್ಯಾಯವನ್ನು ಯಾವ ಊರಿನ ಪಂಚರು ಹೇಳಿಕೊಟ್ಟರು?

ಸುರಪುರದ ಬಾಡಿಗೆ ಕೋಣೆಯೊಂದರಲ್ಲಿ ಅಮಾತೆಪ್ಪ ತನ್ನಂಥ ಆರು ಜನರಿಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ. ಪರವಾನಗಿ ಬದಲಾದ ಆ ಸೋಮವಾರ ಕಂಪ್ಯೂಟರುಗಳು ಬಾಯಿ ಬಿಡಲಿಲ್ಲ. ಹತ್ತೊಂಬತ್ತರ ಅಂಜನಾ ಕೀಬೋರ್ಡ್ ಮೇಲಿನ ಕೈ ತೆಗೆಯದೆ, “ಸರ, ನಾ ಏನರ ತಪ್ಪ ಒತ್ತಿದ್ನೇನ್ರಿ?” ಎಂದು ಅಳುದನಿಯಲ್ಲಿ ಕೇಳಿದಳಂತೆ. ಅಂದಿನಿಂದ ತರಗತಿ ಬಂದ್.

ವಿನಾಯಿತಿಗೆ ಅರ್ಜಿ ತುಂಬಿ ಎಂದಿರಿ. ನಲವತ್ತು ಪ್ರಶ್ನೆಗಳ ಅರ್ಜಿ. ಕಣ್ಣಿಲ್ಲದವನು ಅದನ್ನು ಯಾರ ದನಿಯಲ್ಲಿ ಓದಿಸಿಕೊಳ್ಳಬೇಕು? ಅವನ ಪರವಾಗಿ ನಾನೇ ತುಂಬಿದೆ. ಒಂದು ಸಾಲಿನ ಉತ್ತರ ಬಂತು: ‘ಈ ಧ್ವನಿಯ ಮೇಲೆ ಅರ್ಜಿದಾರರಿಗೆ ಯಾವುದೇ ಹಕ್ಕಿರುವುದಿಲ್ಲ.’ ಅದನ್ನು ಅಮಾತೆಪ್ಪನಿಗೆ ಓದಿ ಹೇಳಿದೆ. “ನಾ ಹುಡುಗ್ರಿಗಿ ಕೊಟ್ಟಿದ್ನೆಲ್ರಿ ಅಕ್ಕಾರ. ಇವರಿಗಿ ಯಾವಾಗ ಕೊಟ್ಟೆ?” ಎಂದ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆ. ಒಪ್ಪಿಗೆ ಒತ್ತಿದ ಬೆರಳು ನನ್ನದು.

ಬೇಡಿಕೆ ಒಂದೇ. ಆ ದನಿಯನ್ನು ಮೊದಲಿನ ಷರತ್ತಿನಲ್ಲೇ ಎಲ್ಲರಿಗೂ ಬಿಟ್ಟುಕೊಡಿ. ಆಗುವುದಿಲ್ಲವೆಂದರೆ ತಾವೇ ಸುರಪುರಕ್ಕೆ ಬನ್ನಿ. ಆ ಆರು ಜನರನ್ನೂ ಅಮಾತೆಪ್ಪನನ್ನೂ ಕೂಡಿಸುತ್ತೇನೆ. ನಿಮ್ಮ ಆ ಒಂದು ಸಾಲನ್ನು ಅವರ ಮುಂದೆ ನಿಮ್ಮ ಬಾಯಿಂದಲೇ ಓದಿ ಹೇಳಿ. ಎರಡನೆಯ ಸಲ ಓದುವುದು ನನ್ನಿಂದಾಗದು.

ಇಂತಿ,
ನಿಮ್ಮ ಜಾಲತಾಣದ ಕೊನೆಯಲ್ಲಿ ‘ಕೊಡುಗೆದಾರರು’ ಎಂಬ ಸಣ್ಣಕ್ಷರದ ಪಟ್ಟಿಯಲ್ಲಿ ಇನ್ನೂ ಉಳಿದಿರುವ
ಸೌಭಾಗ್ಯ, ಶಹಾಪುರ