ಅಂಚು ಕತ್ತರಿಸಿದ ಚಿತ್ರ

ಮಣ್ಣು ಕಲಸುವ ಚಪ್ಪರದಿಂದ,
ಗುರುವಾರ ಮಧ್ಯಾಹ್ನ

ನಮ್ಮ ಮನೆಯವರಿಗೆ,

ಬಿರುಗಾಳಿಗೆ ಮನೆ ಹಾರಿಹೋದ ಮೇಲೂ ನಿಮ್ಮನ್ನು ಹೀಗೇ ಕರೆಯುತ್ತಾ ಬಂದೆ. ಈಗ ಮನೆ ಎದ್ದು ನಿಂತಿದೆ, ಮನೆಯವರೇ ಇಲ್ಲ. ಅದಿರಲಿ, ಕೆಮ್ಮು ಹೇಗಿದೆ? ಹಡಗಿನ ಹೊಟ್ಟೆಯೊಳಗೆ ಇಳಿದು ಬಣ್ಣ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ, ಇಲ್ಲ ದೊಡ್ಡ ಗಂಡಸಿನ ಹಾಗೆ ಸುಮ್ಮನೆ ನಿಲ್ಲುತ್ತೀರೋ? ಬೆನ್ನಿಗೆ ಎಣ್ಣೆ ಹಚ್ಚಲು ಆ ಕೋಣೆಯಲ್ಲಿ ಯಾರಿದ್ದಾರೆ ಅಂತ ಆಗಾಗ ಯೋಚನೆ ಬರುತ್ತದೆ. ಜೊತೆಗಿರುವ ಬೆಸುಗೆಯವನಿಗೆ ಹೇಳಿ, ನಾಚಿಕೆ ಪಡಬೇಡಿ. ಇದೆಲ್ಲ ಫೋನಿನಲ್ಲಿ ಕೇಳಬಹುದಿತ್ತು ನಿಜ. ಆದರೆ ಫೋನು ಬಂತೆಂದರೆ ನಿಮ್ಮಮ್ಮನದು ಒಂದು ಕಿವಿ, ನಿಮ್ಮ ಮಗಳದು ಒಂದು ಕಿವಿ, ನನ್ನ ಪಾಲಿಗೆ ಉಳಿಯುವುದು 'ಊಟ ಆಯ್ತಾ' ಅನ್ನುವುದೊಂದೇ. ಅವರಿಬ್ಬರ ಎದುರು ಹೇಳಲಾಗದ ಮಾತಿದೆ, ಅದಕ್ಕೇ ಈ ಕಾಗದ.

ಮೊದಲು ಮನೆಯ ಸುದ್ದಿ. ಹೊಗಳಿಕೊಳ್ಳುತ್ತಿಲ್ಲ, ಚೆನ್ನಾಗಿಯೇ ಬಂದಿದೆ. ಮಣ್ಣು, ಮರಳು, ಸುಣ್ಣ ಕಲಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ. ಸುಡುವ ಕೆಲಸವಿಲ್ಲ, ಒದ್ದೆ ಗೋಣಿ ಹೊದಿಸಿ ಬಾಣಂತಿಯ ಹಾಗೆ ಜೋಪಾನ ಮಾಡಬೇಕು, ಅಷ್ಟೇ. ಗಾಳಿ ಜಾರಿಹೋಗಲಿ ಅಂತ ಮೂಲೆಗಳನ್ನೆಲ್ಲ ದುಂಡಗೆ ತಿರುಗಿಸಿದ್ದೇವೆ. ಅದರಿಂದಾಗಿ ನಿಮ್ಮಮ್ಮನ ಪೆಟ್ಟಿಗೆ ಯಾವ ಮೂಲೆಗೂ ಕೂರುತ್ತಿಲ್ಲ, ದಿನಾ ಅದೇ ರಾಗ. 'ದುಂಡು ಮನೆ ಕಟ್ಟೋರು ಒಂದು ದುಂಡು ಪೆಟ್ಟಿಗೇನೂ ಮಾಡಿಕೊಡ್ಬೇಕಿತ್ತಪ್ಪ' ಅನ್ನುತ್ತಾರೆ. ಚಾವಣಿಯ ತೊಲೆಗಳನ್ನು ಅಡಿಪಾಯದವರೆಗೂ ಹಗ್ಗ ಎಳೆದು ಬಿಗಿದಿದ್ದಾರೆ. ಮೊನ್ನೆ ಒಂದು ಗಾಳಿ ಬಂತಲ್ಲ, ಒಂದು ಹೆಂಚೂ ಅಲುಗಲಿಲ್ಲ. ಮಣ್ಣಿನ ಹದ ನೋಡುವುದು ನನ್ನ ಕೆಲಸ. ಮುಷ್ಟಿಯಲ್ಲಿ ಉಂಡೆ ಕಟ್ಟಿ ಕೆಳಗೆ ಬಿಡುತ್ತೇನೆ. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾದರೆ ನೀರು ಜಾಸ್ತಿ. ಬಲೆ ರಿಪೇರಿ ಮಾಡಿಕೊಂಡಿದ್ದ ನಿಮ್ಮ ಹೆಂಡತಿಯನ್ನು ಈಗ ಊರೆಲ್ಲ 'ಹದದಕ್ಕ' ಅಂತ ಕರೆಯುತ್ತದೆ.

ಸಿನಿಮಾ ಮಕ್ಕಳ ವಿಷಯ ನಿಮಗೆ ಮಗಳೇ ಹೇಳಿರಬೇಕು. ಮೂರು ಜನ, ನಾವು ಮನೆ ಕಟ್ಟುವುದನ್ನು ಮೊದಲ ಗುದ್ದಲಿಯಿಂದ ಚಿತ್ರ ತೆಗೆಯುತ್ತಾ ಇಲ್ಲೇ ಶಾಲೆಯ ಕೋಣೆಯಲ್ಲಿ ಮಲಗುತ್ತಿದ್ದಾರೆ. ಒಬ್ಬ ಉದ್ದನೆಯವನು, ಕ್ಯಾಮೆರಾ ಹಿಡಿಯುವವನು. ಇನ್ನೊಬ್ಬ ವ್ಯಾನು ಓಡಿಸಿ, ಮಾತು ಹಿಡಿಯುವ ಮೈಕು ಚಾಚಿ ನಿಲ್ಲುವವನು. ಮತ್ತೊಬ್ಬಳು ತೆಗೆದದ್ದನ್ನೆಲ್ಲ ಕತ್ತರಿಸಿ ಜೋಡಿಸುವವಳು, ಅವಳಿಗೆ ನಾವು ಕತ್ತರಿ ಹುಡುಗಿ ಅಂತ ಹೆಸರಿಟ್ಟಿದ್ದೇವೆ. ಒಳ್ಳೆಯ ಮಕ್ಕಳು. ಕೆಲಸ ಜೋರಾದಾಗ ಕ್ಯಾಮೆರಾ ಬದಿಗಿಟ್ಟು ಇಟ್ಟಿಗೆ ಹೊತ್ತಿದ್ದಾರೆ. ತಲೆ ತಿನ್ನುವುದರಲ್ಲೂ ಕಡಿಮೆಯಿಲ್ಲ. 'ಅಕ್ಕಾ, ಇನ್ನೊಂದ್ಸಲ ಮಣ್ಣೆತ್ತಿ, ಈ ಸಲ ಸ್ವಲ್ಪ ನಗ್ತಾ' ಅಂದ ಉದ್ದನೆಯವನು. 'ನಗ್ತಾ ಮಣ್ಣೆತ್ತೋಕೆ ನಂಗೇನು ಹುಚ್ಚು ಹಿಡಿದಿದ್ಯಾ' ಅಂದೆ, ಅದನ್ನೇ ತೆಗೆದುಕೊಂಡ. ನಿಮ್ಮಮ್ಮ ಮಾತ್ರ ಪಕ್ಕಾ ತಾರೆಯಾಗಿಬಿಟ್ಟಿದ್ದಾರೆ. 'ಎಡಗಡೆಯಿಂದ ತೆಗಿ ಮಗ, ಹಲ್ಲಿರೋದು ಆ ಕಡೇಲೆ' ಅಂತ ಹುಡುಗನಿಗೇ ಪಾಠ ಹೇಳುತ್ತಾರೆ.

ನಿನ್ನೆ ಶಾಲೆಯ ದೊಡ್ಡ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ನಮಗೆಲ್ಲ ಸಿನಿಮಾ ತೋರಿಸಿದರು. ತಮ್ಮ ತಮ್ಮ ಮುಖ ಕಂಡಾಗಲೆಲ್ಲ ಜನ ಬಿದ್ದು ಬಿದ್ದು ನಕ್ಕರು. ಕೊನೆಯಲ್ಲಿ ಒಂದು ಚಮತ್ಕಾರವಿತ್ತು. ಪ್ರತಿ ತಿಂಗಳೂ ಹಾರುವ ಕ್ಯಾಮೆರಾವನ್ನು ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ನಿಲ್ಲಿಸಿ ಊರಿನ ಒಂದು ಚಿತ್ರ ತೆಗೆದಿದ್ದರಂತೆ. ಅವನ್ನು ಒಂದರ ಹಿಂದೊಂದು ಓಡಿಸಿದಾಗ ಬೋಳು ನೆಲದಿಂದ ಮನೆಗಳು ಅಣಬೆಯ ಹಾಗೆ ಎದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ನನ್ನ ಕಣ್ಣು ಕಡಲ ದಡದ ನಿಮ್ಮ ಕಲ್ಲುಹಾಸನ್ನು ಹುಡುಕುತ್ತಿತ್ತು, ನೀವು ದೋಣಿ ಮಗುಚಿ ಹಾಕಿ ಬಿರುಕಿಗೆ ಅರಗು ತುಂಬುತ್ತಿದ್ದಿರಲ್ಲ, ಅದನ್ನು. ಈಗ ಅದು ನೀರಿನಡಿ ಹೋಗಿದೆ. ಮರಳು ಸರಿದಿದೆ, ಯಾವಾಗಿನ ಹಾಗೆ ಮತ್ತೆ ಬರುತ್ತದೆ ಅಂತ ಸುಮ್ಮನಿದ್ದೆವು. ಮೊದಲ ತಿಂಗಳ ಚಿತ್ರದಲ್ಲಾದರೂ ಅದು ಇರಬೇಕಿತ್ತು. ಇರಲಿಲ್ಲ. ನೀವು ಸಿನಿಮಾ ನೋಡುವಾಗ ನಿಮ್ಮ ಜಾಗ ಕಾಣಲಿ ಅನ್ನುವ ಆಸೆ ನನಗೆ. ಎಲ್ಲರೂ ಹೊರಗೆ ಹೋದ ಮೇಲೆ ಕತ್ತರಿ ಹುಡುಗಿಯನ್ನು ಕೇಳಿದೆ.

ಅವಳು ನನ್ನ ಮುಖ ನೋಡಲಿಲ್ಲ. 'ಅಂಚು ಕತ್ತರಿಸಿದೀವಿ ಅಕ್ಕ' ಅಂದಳು. ಯಾಕೆ ಅಂದೆ. ಸಿನಿಮಾಕ್ಕೆ ಬಂಡವಾಳ ಹಾಕಿದವರು ಕೊನೆಗೆ ಭರವಸೆ ಇರಲೇಬೇಕು ಅಂದಿದ್ದಾರಂತೆ. ಆಮೇಲೆ ಅವಳಾಗಿಯೇ ಕಂಪ್ಯೂಟರು ತೆರೆದು ಕತ್ತರಿಸದ ಚಿತ್ರ ತೋರಿಸಿದಳು. ಒಂದು ಬದಿಯಲ್ಲಿ ನಮ್ಮ ಮನೆಗಳು ಏಳುತ್ತಿವೆ, ಇನ್ನೊಂದು ಬದಿಯಲ್ಲಿ ನೆಲ ಕರಗುತ್ತಿದೆ. ಮೊದಲು ಕಲ್ಲುಹಾಸು ಹೋಯಿತು, ಆಮೇಲೆ ಮುಳ್ಳುಪೊದೆಯ ಸಾಲು, ಆಮೇಲೆ ಹಳೆಯ ಬಾವಿಗೆ ಹೋಗುವ ದಾರಿ. ಯಾವ ತಿಂಗಳಲ್ಲೂ ಕಡಲು ಹಿಂದೆ ಸರಿದಿರಲಿಲ್ಲ. ದಿನಾ ಅಲ್ಲೇ ಓಡಾಡುವವರಿಗೆ ಗೊತ್ತಾಗಲಿಲ್ಲವೇ ಅಂತ ಕೇಳುತ್ತೀರಿ. ಕಣ್ಣೆದುರಿಗೇ ಬೆಳೆಯುವ ಮಗು ಎಷ್ಟು ಬೆಳೆಯಿತು ಅಂತ ಯಾರಿಗೆ ಗೊತ್ತಾಗುತ್ತದೆ? ಗಾಳಿಗೆ ಹೆದರಿ ಗಾಳಿಯ ಕಡೆಗೇ ನೋಡುತ್ತಾ ಕೂತೆವು. ಹುಡುಗಿ ಅತ್ತಳು. ಅವಳ ಬೆನ್ನು ಸವರುತ್ತಾ ನಿಂತೆ, ನನಗೆ ಅಳುವೂ ಬರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ.

ಸಿಟ್ಟಿನಲ್ಲೇ ಮನೆ ಕಟ್ಟಿಸುವ ಇಂಜಿನಿಯರರ ಹತ್ತಿರ ಹೋದೆ. ಅವರಿಗೆ ಮೊದಲೇ ಗೊತ್ತಿದೆ. 'ಗಾಳಿಗೆ ನಿಲ್ಲೋ ಮನೆ ಬೇಕು ಅಂದ್ರು, ಕಟ್ಟಿಸಿಕೊಟ್ಟೆ ಕಣಮ್ಮ. ನೆಲ ತಂದುಕೊಡೋದು ನನ್ನ ಕೈಲಿಲ್ಲ' ಅಂದರು. ಈ ನೆಲ ಇನ್ನೆಷ್ಟು ದಿನ ಅಂತ ಕೇಳಿದೆ. ನಿಮ್ಮ ಮಗಳು ಹೈಸ್ಕೂಲು ಮುಗಿಸುವವರೆಗೆ ಇರಬಹುದು, ಅಂಥದೇ ಇನ್ನೊಂದು ಬಿರುಗಾಳಿ ಬಂದರೆ ಅಷ್ಟು ದಿನವೂ ಇಲ್ಲ ಅಂದರು. ಬೇರೆ ಜಾಗ ಕೇಳಿದ್ದಾರಂತೆ, ಮೇಲಿನವರು ಇಲ್ಲ ಅಂದಿದ್ದಾರಂತೆ. ಪಾಪ, ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದರು, ಬೈಯದೆ ಎದ್ದು ಬಂದೆ.

ಯಾರಿಗೂ ಹೇಳಿಲ್ಲ. ಹೇಳಿದರೆ ಎಲ್ಲಿಗೆ ಹೋಗುತ್ತಾರೆ? ಇನ್ನೂ ಐದಾರು ಮನೆಗಳಿಗೆ ಚಾವಣಿ ಏರಿಲ್ಲ, ಪಕ್ಕದ ಮನೆಯ ಅಜ್ಜ ಟಾರ್ಪಾಲಿನಡಿ ಇದ್ದಾರೆ. ಇವತ್ತು ಬೆಳಿಗ್ಗೆಯೂ ಹೋಗಿ ಅವರ ಗೋಡೆಗೆ ಮಣ್ಣು ಕಲಸಿದೆ. ಉಂಡೆ ಸರಿಯಾಗಿಯೇ ಬಂತು. 'ಇದು ನನ್ನ ಮೊಮ್ಮಕ್ಕಳ ಕಾಲಕ್ಕೂ ಆಗುತ್ತೆ ಅಲ್ವೇನಮ್ಮ' ಅಂತ ಕೇಳಿದರು. ಗೋಡೆ ಆಗುತ್ತದೆ ಅಂದೆ. ನಿಮ್ಮಮ್ಮನಂತೂ ಇನ್ನು ಈ ಜಾಗ ಬಿಟ್ಟು ಕದಲುವವರಲ್ಲ, ಅವರನ್ನು ಬಿಟ್ಟು ನಾನು ಕದಲುವುದು ಹೇಗೆ? ಮನೆ ಆಯಿತಲ್ಲ, ಕೆಲಸ ಬಿಟ್ಟು ಬಂದುಬಿಡುತ್ತೇನೆ ಅಂದಿದ್ದಿರಿ ಹೋದ ಸಲ. ಬರಬೇಡಿ. ನೀವು ಬಂದು ಹೊಸಿಲು ದಾಟುವುದನ್ನು ನೆನೆಸಿಕೊಂಡೇ ನಾನು ನಮ್ಮ ಮನೆಯ ಗೋಡೆ ಮೆತ್ತಿದ್ದು, ಆದರೂ ಬರಬೇಡಿ. ಅಲ್ಲಿಯ ಕೋಣೆ ಎಷ್ಟೇ ಚಿಕ್ಕದಿರಲಿ, ಬಿಡಬೇಡಿ.

ಹೊತ್ತಿಗೆ ಸರಿಯಾಗಿ ಉಣ್ಣಿ. ಬೆಸುಗೆಯವನಿಗೂ ಕೇಳಿದೆ ಅಂತ ಹೇಳಿ. ನಿಮ್ಮಮ್ಮನ ಆಶೀರ್ವಾದ ಇದ್ದೇ ಇದೆ, ಜೊತೆಗೆ ಪೆಟ್ಟಿಗೆಯ ದೂರೂ ಇದೆ.

ಇಂತಿ ನಿಮ್ಮವಳು,
ಹದದಕ್ಕ

ವಿ. ಸೂ.: ಮೇಲೆ ಬರೆಯಲು ಕೈ ಬರಲಿಲ್ಲ, ಈಗ ವ್ಯಾನಿಗೆ ಸಾಮಾನು ಏರಿಸುತ್ತಿದ್ದಾರೆ, ಬರೆಯಲೇಬೇಕು. ಸಿನಿಮಾ ಮಕ್ಕಳು ಇವತ್ತೇ ಹೊರಡುತ್ತಿದ್ದಾರೆ, ನಿಮ್ಮ ಬಂದರಿನ ಮೇಲೆಯೇ ದಾರಿ. ಮಗಳನ್ನು ಅವರ ಜೊತೆ ಕಳಿಸುತ್ತಿದ್ದೇನೆ. ರಜೆಗೆ ಅಪ್ಪ ಕರೆದಿದ್ದಾರೆ ಅಂತ ಹೇಳಿದ್ದೇನೆ, ಕುಣಿಯುತ್ತಿದ್ದಾಳೆ. ಹೊಸ ಮನೆಯಲ್ಲಿ ಕಿಟಕಿಯ ಪಕ್ಕ ಮಲಗುವ ಜಾಗ ನನ್ನದೇ, ವಾಪಸ್ ಬರೋವರೆಗೆ ಅಜ್ಜಿಗೆ ಕೊಡಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ಅಲ್ಲಿಯೇ ಶಾಲೆಗೆ ಸೇರಿಸಿ. ಎಷ್ಟು ಅತ್ತರೂ ವಾಪಸ್ ಕಳಿಸಬೇಡಿ. ನಾನೇ ತಡೆಯಲಾರದೆ ಕಳಿಸಿ ಅಂತ ಬರೆದರೂ ಕಳಿಸಬೇಡಿ. ಈ ಕಾಗದ ಕತ್ತರಿ ಹುಡುಗಿಯ ಕೈಲಿ ಕೊಡುತ್ತಿದ್ದೇನೆ. ನೀವು ಇದನ್ನು ಓದುವಾಗ ಮಗಳು ಎದುರಿಗೇ ನಿಂತು ನಿಮ್ಮ ಮುಖವನ್ನೇ ನೋಡುತ್ತಿರುತ್ತಾಳೆ, ಅಮ್ಮ ಏನು ಬರೆದಿದ್ದಾಳೆ ಅಂತ ಕೇಳುತ್ತಾಳೆ. ಮನೆ ಚೆನ್ನಾಗಿ ಬಂದಿದೆಯಂತೆ ಅಂತ ಹೇಳಿ.