ಒಂಬತ್ತನೆಯ ಬಾಟಲಿ

ತಿರುಚ್ಚಿ
9 ಆಗಸ್ಟ್ 2025

ಅಮ್ಮಾ,

ಕಾಗದದ ತಲೆಯಲ್ಲಿ ತೀರ್ಥರೂಪು ಎಂದು ಬರೆಯಬೇಕೆಂದು ಅಪ್ಪ ಏಳನೇ ಕ್ಲಾಸಿನಲ್ಲೇ ಕಲಿಸಿದ್ದರು. ಬರೆದೆ, ಹೊಡೆದುಹಾಕಿದೆ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಫೋನ್ ಇರುವಾಗ ಇವಳಿಗೇನು ಬಂತು ಕಾಗದ ಬರೆಯುವ ರೋಗ ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಫೋನಿನಲ್ಲಿ ನೀನು ಎಲ್ಲಿ ಮಾತು ಮುಗಿಸಲು ಬಿಡುತ್ತೀಯ? ಊಟ ಆಯ್ತಾ ಎಂದು ಶುರು ಮಾಡುತ್ತೀಯ, ಹುಳಕ್ಕೆ ಸೊಪ್ಪು ಹಾಕಬೇಕು ಇಡು ಎಂದು ಮುಗಿಸುತ್ತೀಯ. ಕಾಗದಕ್ಕೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ. ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತು ಕೊನೆಯವರೆಗೂ ಓದು. ಊಟ ಆಗಿದೆ.

ಹಾಸ್ಟೆಲಿನ ನನ್ನ ಕಿಟಕಿಗೆ ಕಾವೇರಿ ಕಾಣುತ್ತದೆ. ಬೆಳಗಿನ ಜಾವ ನದಿ ಯಾವುದು, ಮಂಜು ಯಾವುದು, ಗೊತ್ತಾಗುವುದಿಲ್ಲ. ಆಚೆ ದಡದ ತೆಂಗಿನ ಮರಗಳು ನೆಲವಿಲ್ಲದೆ ನಿಂತಿರುತ್ತವೆ. ನಾನು ಹಲ್ಲುಜ್ಜುವುದನ್ನೂ ಮರೆತು ಲೆಕ್ಕ ಹಾಕುತ್ತೇನೆ: ನಮ್ಮ ಮರಳವಾಡಿಯ ಕೆರೆ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ, ಕಾವೇರಿ ಇಲ್ಲಿಗೆ. ಹೋದ ಮಳೆಗಾಲದಲ್ಲಿ ನೀನು ಪಾತ್ರೆ ಗಲಬರಿಸಿ ಚೆಲ್ಲಿದ ನೀರು ಈಗ ನನ್ನ ಕಿಟಕಿಯ ಕೆಳಗೆ ಹೋಗುತ್ತಿರಬಹುದು. ಹಾಗೆಂದುಕೊಂಡರೆ ಊರು ಅಷ್ಟೇನೂ ದೂರ ಅನ್ನಿಸುವುದಿಲ್ಲ.

ಬಂದ ಮೇಲೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿದೆ. ನಾನು ನಮ್ಮ ಬಾವಿಯ ತಳದಲ್ಲಿ ಮಲಗಿರುತ್ತೇನೆ. ಭಯವೇನೂ ಇಲ್ಲ, ನಿನ್ನ ಹಳೇ ಸೀರೆ ಹೊದ್ದಷ್ಟು ತಂಪು. ಮೇಲೆ ರಾಟೆಯ ಕಿರ್ರ್ ಸದ್ದು. ನಿನ್ನ ಬಿಂದಿಗೆ ಬೆಳಕು ಹಿಡಿದುಕೊಂಡು ನಿಧಾನವಾಗಿ ಇಳಿದು ಬರುತ್ತದೆ. ನಾನು ಅದರ ಕಂಠ ಹಿಡಿದುಕೊಳ್ಳುತ್ತೇನೆ. ನೀನು ಸೇದುತ್ತೀಯ, ಇವತ್ಯಾಕೆ ಇಷ್ಟು ಭಾರ ಎನ್ನುತ್ತೀಯ, ನನ್ನನ್ನು ಸೊಂಟದ ಮೇಲಿಟ್ಟುಕೊಂಡು ಮನೆಯೊಳಗೆ ಹೋಗುತ್ತೀಯ. ಹೋದ ವಾರದಿಂದ ಮಾತ್ರ ಕನಸು ಬದಲಾಗಿದೆ. ಬಿಂದಿಗೆ ಇಳಿಯುತ್ತದೆ, ನಾನು ಬೇಡ ಬೇಡ ಎಂದು ಕೂಗುತ್ತೇನೆ, ನೀರಿನೊಳಗಿನ ಮಾತು ನಿನಗೆ ಕೇಳುವುದಿಲ್ಲ.

ಇಲ್ಲಿ ನಾವು ಎಂಟು ಜನ. ಐದು ವರ್ಷದ ತರಬೇತಿ, ತಿಂಗಳಿಗಿಷ್ಟು ಸ್ಟೈಪೆಂಡ್, ಕೊನೆಗೆ ಡಾಕ್ಟರೇಟ್. ವಿಷಯ ಸಿಹಿನೀರಿನ ಆರೋಗ್ಯ. ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮನಿಗೆ ನೀನು ‘ನಮ್ ಹುಡ್ಗಿ ನೀರಿನ್ ಡಾಕ್ಟ್ರಾಯ್ತಾಳೆ ಕಣಕ್ಕ, ನೀರ್ಗೂ ಜ್ವರ ಬತ್ತದಂತೆ’ ಎಂದು ನಕ್ಕೆಯಂತೆ, ಅಪ್ಪ ಹೇಳಿದರು. ಅದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುವುದಿಲ್ಲ.

ಈ ಸೀಟು ನನಗೆ ಕೊಟ್ಟದ್ದು ನಮ್ಮ ಕೆರೆ. ಅರ್ಜಿಯ ಜೊತೆ ನಮ್ಮೂರಿನ ಯಾವುದಾದರೂ ಒಂದು ನೀರಿನ ಹತ್ತು ತಿಂಗಳ ದಾಖಲೆ ಕೊಡಬೇಕಿತ್ತು, ನೆನಪಿದೆಯಲ್ಲ. ಪ್ರತಿ ತಿಂಗಳೂ ಎಂ.ಎಸ್ಸಿ. ಹಾಸ್ಟೆಲಿನಿಂದ ಬಂದು, ಸಂಜೆ ಕೆರೆಗಿಳಿದು, ಕಂದು ಬಣ್ಣದ ಆ ಬಾಟಲಿ ತುಂಬಿಸಿ ಜಗಲಿಯ ಮೇಲೆ ಇಡುತ್ತಿದ್ದೆ. ಬೆಳಿಗ್ಗೆ ಅಪ್ಪ ಗಾಡಿಯಲ್ಲಿ ಹಾರೋಹಳ್ಳಿಗೆ ಬಿಡುತ್ತಿದ್ದರು, ಅಲ್ಲಿಂದ ಬಸ್ಸು, ಕಾಲೇಜಿನ ಲ್ಯಾಬು. ನೀನು ಪ್ರತಿ ಸಲ ಆ ಪಾಚಿ ನೀರನ್ನು ನೋಡಿ ಮೂಗು ಮುರಿಯುತ್ತಿದ್ದೆ. ಹತ್ತರಲ್ಲಿ ಒಂಬತ್ತು ಬಾಟಲಿ ಒಂದೇ ಕಥೆ ಹೇಳಿದವು. ಶಿವರಾತ್ರಿಯ ಬಾಟಲಿ, ಒಂಬತ್ತನೆಯದು, ಬೇರೆ ಹೇಳಿತು. ನೈಟ್ರೇಟ್ ಎಂದು ಒಂದಿದೆ, ಗೊಬ್ಬರದ ಉಪ್ಪು ಎಂದುಕೋ. ಕೆರೆಯಲ್ಲಿ ಅದು ಪ್ರತಿ ತಿಂಗಳೂ ಲೀಟರಿಗೆ ಎಂಟು, ಹತ್ತು, ಹನ್ನೆರಡು ಮಿಲಿಗ್ರಾಂ. ಆ ತಿಂಗಳು ಮಾತ್ರ ನೂರ ಎಂಬತ್ತು. ಬಾಟಲಿಯಿಂದ ಸುರಿದಾಗ ನೀರು ತಿಳಿಯಾಗಿತ್ತು. ಪಾಚಿ ತಳಕ್ಕೆ ಕೂತಿರಬೇಕು ಎಂದುಕೊಂಡೆ. ಬೇಕಾದದ್ದನ್ನು ಅಂದುಕೊಳ್ಳುವುದರಲ್ಲಿ ನಾನು ನಿನ್ನ ಮಗಳೇ. ಅರ್ಜಿ ಕಳಿಸಲು ಸ್ವಲ್ಪವೇ ದಿನ ಉಳಿದಿತ್ತು. ಆ ಒಂದು ಸಂಖ್ಯೆ ನನ್ನ ಚೆಂದದ ಗೆರೆಯನ್ನೆಲ್ಲ ಹಾಳು ಮಾಡುತ್ತಿತ್ತು. ಉಪಕರಣದ ದೋಷ ಎಂದು ಬರೆದು ಹೊಡೆದುಹಾಕಿದೆ. ಸೀಟು ಸಿಕ್ಕಿತು. ನೀನು ಬೀದಿಗೆಲ್ಲ ಸಜ್ಜಿಗೆ ಹಂಚಿದೆ.

ಇಲ್ಲಿಗೆ ಬಂದ ಎರಡನೇ ವಾರ ನಮ್ಮ ಮೇಡಂ ತರಗತಿಗೆ ಬಂದು, ಪಾಠ ಆಮೇಲೆ, ನಿಮ್ಮಲ್ಲಿ ಯಾರು ಯಾರು ಯಾವ ಸಂಖ್ಯೆ ಹೊಡೆದುಹಾಕಿ ಇಲ್ಲಿ ಬಂದು ಕೂತಿದ್ದೀರಿ ಎಂದು ಕೇಳಿದರು. ಎಂಟು ಜನವೂ ಪುಸ್ತಕ ನೋಡಿದೆವು. ಗುಂಪಿನಿಂದ ಬೇರೆಯಾಗಿ ನಿಂತ ಸಂಖ್ಯೆಯನ್ನು ಓಡಿಸಬೇಡಿ, ಹತ್ತಿರ ಕೂರಿಸಿಕೊಂಡು ಎಲ್ಲಿಂದ ಬಂದೆ ಎಂದು ಕೇಳಿ, ಹೊಡೆದುಹಾಕಿದ್ದನ್ನು ಮತ್ತೆ ಬರೆಯಿರಿ ಎಂದರು. ಅದೇ ಸಂಜೆ ನಿನಗೆ ಫೋನ್ ಮಾಡಿದೆ. ಶಿವರಾತ್ರಿಯ ಹಿಂದಿನ ದಿನ ಜಗಲಿಯ ಮೇಲಿಟ್ಟಿದ್ದ ಬಾಟಲಿಯನ್ನು ಯಾರಾದರೂ ಮುಟ್ಟಿದ್ದರಾ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ. ನೀನು ಹೆದರಲಿಲ್ಲ, ಮುಚ್ಚಿಡಲೂ ಇಲ್ಲ. ನಕ್ಕೆ.

‘ಬಿರಡೆ ತೆಗ್ದು ಮೂಸ್ದೆ ಕಣ್ ಮಗ, ಗಬ್ಬು. ಯಾರೋ ದೊಡ್ಡೋರ್ ಮುಂದೆ ಇಕ್ಕೋ ನೀರು. ಅಂಥದ್ ಕಳಿಸಿದ್ರೆ ನಮ್ ಮನೆ ಮಾನ ಏನಾಗ್ಬೇಕು? ಚೆಲ್ಬುಟ್ಟು, ಹುಣಸೆಹಣ್ಣಾಕಿ ತೊಳ್ದು, ನಮ್ ಬಾವಿ ನೀರ್ ತುಂಬ್ದೆ. ಬಿರಡೆಗೆ ಒಸಿ ಇಬೂತಿನೂ ಹಚ್ಚಿದ್ದೆ. ಅದ್ಕೇ ಅಲ್ವಾ ನಿಂಗೆ ಸೀಟ್ ಸಿಕ್ಕಿದ್ದು?’

ನಾನೂ ನಕ್ಕೆ ಅಮ್ಮ. ಮನೆಗೆ ಯಾರು ಬಂದರೂ ಬೆಲ್ಲದ ಜೊತೆ ಬಾವಿ ನೀರು ಕೊಡದೆ ಕಳಿಸದವಳು ನೀನು, ಕಾಣದ ಪರೀಕ್ಷಕರಿಗೂ ಅದನ್ನೇ ಕಳಿಸಿದ್ದೀಯ. ಫೋನ್ ಇಟ್ಟು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಯಾಕೆಂದರೆ ನೂರ ಎಂಬತ್ತು ಕೆರೆಯದಲ್ಲ. ನಮ್ಮ ಬಾವಿಯದು. ಕುಡಿಯುವ ನೀರಿನಲ್ಲಿ ಅದು ನಲವತ್ತೈದು ದಾಟಬಾರದು.

ನಂಬಲು ನನಗೂ ಆಗಲಿಲ್ಲ. ಭಾವ ಹೋದ ವಾರ ಮಾಗಡಿಯಿಂದ ಬಂದವರು, ನಿಮ್ಮ ಬಾವಿ ನೀರಿನ ರುಚಿಯೇ ಬೇರೆ ಅತ್ತೆ ಎಂದು ತುಂಬಿಸಿಕೊಂಡು ಹೋದರಲ್ಲ, ನೀನು ಹಿಗ್ಗಿ ಎರಡನೇ ಬಾಟಲಿಯನ್ನೂ ಕೊಟ್ಟೆಯಂತಲ್ಲ. ಅದು ನಾನು ಆಡಿಸಿದ ಸುಳ್ಳು. ಬೆಂಗಳೂರಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರು. ಇನ್ನೂರ ಹತ್ತು ಬಂದಿದೆ. ಭಾವನ ಮೇಲೆ ಸಿಟ್ಟಾಗಬೇಡ, ಪಾಪ, ಶಿವಕಿರಣ್ ಭಾವ ಸುಳ್ಳು ಹೇಳಲು ಬಹಳ ಕಷ್ಟಪಟ್ಟರು. ಅಕ್ಕನಿಗೆ ಇನ್ನೂ ಹೇಳಿಲ್ಲ.

ಬಾವಿಗೆ ಇಪ್ಪತ್ತು ಹೆಜ್ಜೆ ಮೇಲೆ ನಮ್ಮ ತಿಪ್ಪೆ ಇದೆ. ಹಸುವಿನ ಸಗಣಿ, ರೇಷ್ಮೆ ಹುಳುವಿನ ಕಸ, ಎಲ್ಲ ಅಲ್ಲೇ. ಅದರಾಚೆ ಹಿಪ್ಪುನೇರಳೆ ತೋಟ, ಅದಕ್ಕೆ ಅಪ್ಪ ಹಾಕುವ ಯೂರಿಯಾ. ಮಳೆ ಬಂದಾಗಲೆಲ್ಲ ಒಂದಿಷ್ಟು ನೆಲದೊಳಗೆ ಇಳಿದು ಬಾವಿ ಸೇರಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿ ಕೆಡುವುದಿಲ್ಲ. ಮೂಗು ಮುರಿಯುವ ಹಾಗಿದ್ದ ಕೆರೆಯಲ್ಲಿ ಅದೇ ಉಪ್ಪನ್ನು ಪಾಚಿ ತಿಂದು ಮುಗಿಸುತ್ತದೆ. ಕೆರೆ ನೀರು ಕುಡಿ ಎನ್ನುತ್ತಿಲ್ಲ, ಅದರಲ್ಲಿ ಬೇರೆ ಕಾಯಿಲೆಗಳಿವೆ. ಆದರೆ ನಾವು ಕನ್ನಡಿಯಂತೆ ತಿಳಿಯೆಂದು ನಂಬಿದ್ದ ನೀರು ನಮಗೆ ಹೇಳದೆ ಏನೋ ಇಟ್ಟುಕೊಂಡಿತ್ತು. ಕಾಗದದ ತಲೆಯಲ್ಲಿ ತೀರ್ಥ ಎಂಬ ಮಾತು ಬರೆದು ಹೊಡೆದದ್ದು ಅದಕ್ಕೇ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಗೌರಿ ಹಬ್ಬ ಕಳೆದು ಅಕ್ಕ ಹೆರಿಗೆಗೆ ಬರುತ್ತಾಳೆ. ಅವಳು ಬರುವ ಮುಂಚೆ ಆ ಬಾವಿಯ ನೀರನ್ನು ಕುಡಿಯುವುದಕ್ಕೆ, ಅಡುಗೆಗೆ ನಿಲ್ಲಿಸಿಬಿಡು. ಕುದಿಸಿ ಆರಿಸಿ ಕೊಡುತ್ತೇನೆ ಎಂದು ಬಾಯಿ ತೆರೆದಿದ್ದೀಯ, ಗೊತ್ತು. ಕುದಿಸಿದರೆ ಹೋಗುವುದಿಲ್ಲ ಅಮ್ಮ. ಸಾರು ಕುದ್ದಷ್ಟೂ ಉಪ್ಪಾಗುವ ಹಾಗೆ ಇನ್ನೂ ಹೆಚ್ಚುತ್ತದೆ. ದೊಡ್ಡವರಾದ ನಾವು ಹೇಗೋ ತಾಳಿಕೊಂಡಿದ್ದೇವೆ. ಎಳೆಕೂಸಿಗೆ ತಾಳುವುದಿಲ್ಲ. ಅಕ್ಕನಿಗೆ ಹಾಲು ಸಾಲದೆ ಪುಡಿ ಹಾಲು ಕಲಸುವ ಹಾಗಾದರೆ ಈ ನೀರಿನಲ್ಲಿ ಕಲಸಲೇಬಾರದು. ಏನಾಗುತ್ತದೆ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ, ಕೇಳಬೇಡ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರಿಸು. ಆ ನೀರು ಚಪ್ಪೆ ಎನ್ನುತ್ತೀಯ. ಚಪ್ಪೆಯೇ ಇರಲಿ.

ಮದುವೆಯಾಗಿ ಬಂದ ಮಾರನೇ ದಿನ ನೀನು ಗಂಗೆ ಪೂಜೆ ಮಾಡಿದ ಬಾವಿ ಅದು. ಅಕ್ಕನ ಕೈಲೂ ಬಾಣಂತನ ಮುಗಿದ ಮೇಲೆ ಅಲ್ಲೇ ಮಾಡಿಸಬೇಕೆಂದು ಹಿತ್ತಾಳೆ ಬಿಂದಿಗೆ ಬೆಳಗಿಟ್ಟಿದ್ದೀಯ. ಅಂಥ ಬಾವಿಯ ಮೇಲೆ ದೂರು ಬರೆಯಲೆಂದು ಇಷ್ಟು ದೂರ ಓದಲು ಬಂದೆನಾ ಅನ್ನಿಸುತ್ತದೆ. ಫೆಬ್ರವರಿಯಲ್ಲೇ ಆ ಸಂಖ್ಯೆಯನ್ನು ಎಲ್ಲಿಂದ ಬಂದೆ ಎಂದು ಕೇಳಿದ್ದರೆ ಐದಾರು ತಿಂಗಳು ನೀವಿಬ್ಬರೂ ಅದನ್ನು ಕುಡಿಯುವುದು ತಪ್ಪುತ್ತಿತ್ತು. ತಪ್ಪು ನಿನ್ನದಲ್ಲ, ನನ್ನದು. ಮೇಡಂಗೆ ಎಲ್ಲ ಹೇಳಿದೆ. ಕಳಿಸಿಬಿಡುತ್ತಾರೆ ಎಂದು ಹೆದರಿದ್ದೆ. ಮೊದಲು ಮನೆಗೆ ಬರೆ, ಆಮೇಲೆ ದಾಖಲೆ ತಿದ್ದು ಎಂದರು. ಮನೆಗೆ ಬರೆದಿದ್ದೇನೆ.

ಬಿಂದಿಗೆಯ ಭಾರವಾದ ನಿನ್ನ ಮಗಳು,
ಶಾಂಭವಿ


ಮರಳವಾಡಿ
22 ಆಗಸ್ಟ್ 2025

ಮಗಳು ಶಾಂಭವಿಗೆ ನಿನ್ನಮ್ಮನ ಆಶೀರ್ವಾದ.

ಕಾಗದ ಬಂತು. ಜಗಲಿಯ ಮೇಲೆ ಕೂತೇ ಓದಿದೆ. ಓದಿ ಕೋಪ ಬಂತು, ಸುಳ್ಳೇಕೆ ಹೇಳಲಿ. ನನ್ನ ಬಾವಿಗೆ ಹೆಸರಿಡುವಷ್ಟು ದೊಡ್ಡವಳಾದಳಾ ಎಂದು ಎರಡು ದಿನ ಹಟಕ್ಕೆ ಚೊಂಬುಗಟ್ಟಲೆ ಅದೇ ನೀರು ಕುಡಿದೆ. ನಿಮ್ಮಪ್ಪ ನೋಡಿ ನೋಡಿ, ‘ಲೇ ಗೌರಿ, ನಿನ್ ಹಟ ನಿಂಗೆ ಇರ್ಲಿ, ಕೂಸ್ಗೆ ಯಾಕೆ’ ಎಂದರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಕಾಡಸಿದ್ದಪ್ಪನವರು ನನ್ನನ್ನು ಗೆದ್ದದ್ದು ಅದೊಂದೇ ಮಾತಿನಲ್ಲಿ.

ಮೂರನೇ ದಿನ ಬೆಳಿಗ್ಗೆ ಬಾವಿಕಟ್ಟೆ ತೊಳೆದು, ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಹಗ್ಗ ಬಿಚ್ಚಿದೆ. ಬಾವಿಯನ್ನು ಏನೆಂದು ಬೈಯುವುದು? ಅದು ನಾವು ಕೊಟ್ಟದ್ದನ್ನೇ ನಮಗೆ ಕೊಟ್ಟಿದೆ. ರಾಟೆ ಹಾಗೇ ಇದೆ, ಗಾಳಿಗೆ ಒಂದೊಂದು ಸಲ ತಾನೇ ತಿರುಗುತ್ತದೆ. ಟ್ರ್ಯಾಕ್ಟರಿನ ಚೆಲುವಯ್ಯನನ್ನು ಕರೆಸಿ ತಿಪ್ಪೆಯನ್ನು ತೋಟದ ಕೆಳಮೂಲೆಗೆ ಸಾಗಿಸಿದ್ದಾಯಿತು. ಕ್ಯಾನಿನ ನೀರು ಚಪ್ಪೆಯೇ. ಕಾಫಿಗೆ ಎರಡು ಸಲ ಪುಡಿ ಹಾಕಿದರೂ ಕಾಫಿ ಅನ್ನಿಸುವುದಿಲ್ಲ. ನಿನ್ನ ಅಕ್ಕನ ಗಂಗೆ ಪೂಜೆಯನ್ನು ಆ ಘಟಕದ ನಲ್ಲಿಗೇ ಮಾಡಿಸುತ್ತೇನೆ, ಊರು ನಗಲಿ.

ನೀನು ಫೆಬ್ರವರಿಯ ಮಾತು ಹಿಡಿದುಕೊಂಡು ಕೊರಗಬೇಡ. ಆ ಬಾಟಲಿ ನಾನು ಬದಲಾಯಿಸದೇ ಇದ್ದಿದ್ದರೆ ಬಾವಿಯ ಸಂಗತಿ ಯಾರಿಗೆ ಗೊತ್ತಾಗುತ್ತಿತ್ತು? ಆ ಡಾಕ್ಟರೇಟಿನಲ್ಲಿ ಅರ್ಧ ನನ್ನದು. ಚೆನ್ನಾಗಿ ಓದು. ತಲೆಗೆ ಎಣ್ಣೆ ಹಚ್ಚಿಕೋ.

ನಿನ್ನ ಅಮ್ಮ,
ಮಂಗಳಗೌರಿ

ಬರೆಯಬಾರದು ಎಂದುಕೊಂಡಿದ್ದ ಮಾತು: ಕೂಸಿಗೆ ಏನಾಗುತ್ತದೆ ಎಂದು ನೀನು ಬರೆಯಲಿಲ್ಲ. ಆಶಾ ಕಾರ್ಯಕರ್ತೆ ಕರೀಮುನ್ನೀಸಾ ಮನೆಗೆ ಬಂದಿದ್ದಾಗ ಅವಳನ್ನು ಕೇಳಿದೆ. ಅವಳೂ ಯಾರಿಗೋ ಫೋನ್ ಮಾಡಿ ಕೇಳಿ ಹೇಳಿದಳು. ತುಟಿ, ಉಗುರು ನೀಲಿಗಟ್ಟುತ್ತವಂತೆ, ಉಸಿರು ಸಾಲುವುದಿಲ್ಲವಂತೆ. ನಿಮ್ಮಕ್ಕನಿಗಿಂತ ಮೊದಲು ನನಗೊಂದು ಗಂಡುಮಗು ಹುಟ್ಟಿತ್ತು. ನಿಮಗೆ ಯಾರೂ ಹೇಳಿಲ್ಲ. ತವರಿನಲ್ಲಿ ನಮ್ಮಮ್ಮನಿಗೆ ಕಾಯಿಲೆ ಎಂದು ಚೊಚ್ಚಲ ಬಾಣಂತನ ಇಲ್ಲೇ ಆಯಿತು. ನನಗೆ ಹಾಲು ಬರಲಿಲ್ಲ. ಡಬ್ಬದ ಹಾಲಿಗೆ ಬಾವಿ ನೀರು ನಾನೇ ಸೇದಿ, ನಾನೇ ಕುದಿಸಿ, ನಾನೇ ಆರಿಸುತ್ತಿದ್ದೆ. ನಲವತ್ತೊಂದು ದಿನ ಇದ್ದ. ಕೊನೆಗೆ ಅವನ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. ಅಮಾವಾಸ್ಯೆ ದಿನ ಮುಸ್ಸಂಜೆಯಲ್ಲಿ ನೀನು ಕೂಸನ್ನು ಹಿತ್ತಲಿಗೆ ಒಯ್ದೆ, ಗಾಳಿ ಸೋಕಿಸಿಕೊಂಡು ಬಂದೆ ಎಂದರು ನಿಮ್ಮಜ್ಜಿ. ಇಷ್ಟು ವರ್ಷ ನಾನೂ ಹಾಗೆಯೇ ತಿಳಿದಿದ್ದೆ. ನಿಮ್ಮಿಬ್ಬರ ಬಾಣಂತನಕ್ಕೆ ತವರಿಗೆ ಹೋಗಿ ಆರಾರು ತಿಂಗಳು ಕೂತದ್ದು ಆ ಹೆದರಿಕೆಗೇ. ಗಾಳಿಯಿಂದ ಹೋದನೋ, ನೀರಿನಿಂದ ಹೋದನೋ, ಈಗ ಯಾವ ಬಾಟಲಿಯೂ ಹೇಳುವುದಿಲ್ಲ. ನೀನೂ ನನ್ನ ಸಮಾಧಾನಕ್ಕೆಂದು ಏನೂ ಹೇಳಬೇಡ. ಆದರೆ ಹೊಡೆದುಹಾಕಿದ್ದನ್ನು ಮತ್ತೆ ಬರೆಯಬೇಕು ಎಂದು ನಿಮ್ಮ ಮೇಡಂ ಹೇಳಿದರಲ್ಲ. ಅವನ ಹೆಸರು ರೇವಣಸಿದ್ದ. ಎಷ್ಟು ಮಕ್ಕಳು ಎಂದು ಯಾರು ಕೇಳಿದರೂ ಎರಡು ಎನ್ನುತ್ತಿದ್ದೆ. ಮೊನ್ನೆ ಕರೀಮುನ್ನೀಸಾ ಮನೆಮನೆಯ ಲೆಕ್ಕದ ಪುಸ್ತಕ ತೆರೆದು ಅದನ್ನೇ ಕೇಳಿದಳು. ಮೂರು ಎಂದು ಬರೆಸಿದೆ.